ಕುಲಮದಕ್ಕೂ ಋದ್ಧಿಮದಕ್ಕೂ ನಡೆದ ಕಲ್ಯಾಣ

ಪರಿಗ್ರಹದ ಲಕ್ಷಣವನ್ನು ಹೇಳುವಾಗ ತತ್ತ್ವಾರ್ಥಸೂತ್ರಕಾರರಾದ ಉಮಾಸ್ವಾಮಿಗಳು ಮನುಷ್ಯನ ಬಳಿಯಿರುವ ವಸ್ತುಗಳನ್ನು ಎಣಿಸಲು ಹೋಗಲಿಲ್ಲ. ಆ ವಸ್ತುಗಳ ವಿಷಯದಲ್ಲಿ ಅವನ ಮನಸ್ಸಿಗೆ ಕವಿಯುವ ಮೂರ್ಛೆಯನ್ನೇ ಪರಿಗ್ರಹವೆಂದು ನಿರ್ದೇಶಿಸಿದರು. ಅರಮನೆಯಲ್ಲಿದ್ದೂ ನಿರ್ಮೋಹಿಯಾಗಿರುವವನು ಉಂಟು. ಹರಕು ಚಾಪೆಯ ಮೇಲೆ ಮಲಗಿದ್ದೂ ಪರಿಗ್ರಹಿಯಾಗಿರುವವನು ಉಂಟು. ಇದು ಶ್ರಾವಕರು ಬಾಲ್ಯದಿಂದಲೂ ಪ್ರವಚನಗಳಲ್ಲಿ ಕೇಳುತ್ತ ಬಂದ ಮಾತು. ಆದರೆ ಇದೇ ಉಪದೇಶದಲ್ಲಿ ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಅಂಶವಿದೆ. ಬಾಹ್ಯ ಪರಿಗ್ರಹದ ಗಣನೆಯಲ್ಲಿ ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯಗಳ ಜೊತೆಗೆ ದಾಸಿ ಮತ್ತು ದಾಸರೂ ಸೇರಿದ್ದಾರೆ. ಜೀವವುಳ್ಳ, ಸುಖದುಃಖಗಳನ್ನು ಅರಿಯುವ ಮನುಷ್ಯರನ್ನು ಕೂಡ ಮನುಷ್ಯನು ಹೊಲಮನೆಗಳಂತೆ ತನ್ನದೆಂದು ಎಣಿಸಬಲ್ಲನೆಂಬುದನ್ನು ಆಚಾರ್ಯರು ಬಲ್ಲವರಾಗಿದ್ದರು.

ದಾಸದಾಸಿಯರ ವಿಷಯದಲ್ಲಿ ಈ ಮಾತನ್ನು ಒಪ್ಪುವುದು ಸುಲಭ. ಮಗಳ ವಿಷಯದಲ್ಲಿ? ಹೆತ್ತು, ಮುದ್ದಿನಿಂದ ಸಾಕಿ, ಯಾವುದಕ್ಕೂ ಕೊರತೆಯಾಗದಂತೆ ಬೆಳೆಸಿದ ಮಗಳು ತಂದೆತಾಯಿಗಳ ಪರಿಗ್ರಹವಾಗಿಬಿಡಬಹುದೆ? ವಾತ್ಸಲ್ಯದ ಹೆಸರಿನಲ್ಲಿಯೇ ಹಿಂಸೆ ನಡೆದುಹೋಗಬಹುದೆ? ಈ ಪ್ರಶ್ನೆಯನ್ನು ಪರೀಕ್ಷಿಸಲು ದೂರದ ಎರಡು ದೇಶಗಳ ಇತಿಹಾಸ ಸಹಾಯಕ್ಕೆ ಬರುತ್ತದೆ. 1870ರ ದಶಕದಿಂದ 1914ರ ಮಹಾಯುದ್ಧದವರೆಗೆ ಅಮೆರಿಕದ ಕೋಟ್ಯಧೀಶರ ಹೆಣ್ಣುಮಕ್ಕಳು ಒಬ್ಬರ ಹಿಂದೊಬ್ಬರಂತೆ ಇಂಗ್ಲೆಂಡಿನ ಕುಲೀನ ಮನೆತನಗಳಿಗೆ ಸೊಸೆಯಂದಿರಾಗಿ ಹೋದರು. ಅವರನ್ನು ಜನ ‘ಡಾಲರ್ ರಾಜಕುಮಾರಿಯರು’ ಎಂದು ಕರೆದರು. ಆ ಹೆಸರಿನಲ್ಲಿಯೇ ಹುಡುಗಿಗಿಂತ ಮೊದಲು ಹಣ ನಿಂತಿರುವುದನ್ನು ಗಮನಿಸಬೇಕು.

ಎರಡು ಮದಗಳ ಭೇಟಿ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಂಟು ಮದಗಳನ್ನು ಹೆಸರಿಸಿದ್ದಾರೆ. ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು, ಶರೀರ ಇವುಗಳನ್ನು ಆಶ್ರಯಿಸಿ ಹುಟ್ಟುವ ಗರ್ವಗಳೇ ಅವು. ಇವುಗಳಲ್ಲಿ ಕುಲಮದ ಇಂಗ್ಲೆಂಡಿನಲ್ಲಿ ತುಂಬಿತ್ತು, ಋದ್ಧಿಮದ ಅಮೆರಿಕದಲ್ಲಿ ಉಕ್ಕುತ್ತಿತ್ತು.

ಇಂಗ್ಲೆಂಡಿನ ಕುಲೀನರ ಐಶ್ವರ್ಯಕ್ಕೆ ಭೂಮಿಯೇ ಆಧಾರ. ಪದವಿ, ಅರಮನೆ, ಜಮೀನು ಎಲ್ಲವೂ ಹಿರಿಯ ಮಗನಿಗೆ ಸಲ್ಲುವ ಪದ್ಧತಿಯಿಂದ ಆ ಆಸ್ತಿಗಳು ತಲೆಮಾರುಗಳ ಕಾಲ ಒಡೆಯದೆ ಉಳಿದಿದ್ದವು. ಆದರೆ 1870ರ ದಶಕದ ನಂತರ ಅಮೆರಿಕದ ವಿಶಾಲ ಬಯಲುಗಳ ಗೋಧಿ ರೈಲಿನಲ್ಲಿ ಬಂದರಿಗೂ ಅಲ್ಲಿಂದ ಉಗಿಹಡಗಿನಲ್ಲಿ ಇಂಗ್ಲೆಂಡಿಗೂ ಬರತೊಡಗಿತು. ಧಾನ್ಯದ ಬೆಲೆ ಕುಸಿಯಿತು, ರೈತರು ಗೇಣಿ ಕೊಡಲಾರದಾದರು, ಒಡೆಯರ ವರಮಾನ ಕುಗ್ಗಿತು. ಅರಮನೆಯ ಖರ್ಚು ಮಾತ್ರ ಕುಗ್ಗಲಿಲ್ಲ. ಮಾರ್ಲ್‌ಬರೋ ಡ್ಯೂಕರ ಮನೆತನ ಇದಕ್ಕೆ ತಕ್ಕ ನಿದರ್ಶನ. 1704ರ ಯುದ್ಧವಿಜಯದ ಕಾಣಿಕೆಯಾಗಿ ಮೊದಲನೆಯ ಡ್ಯೂಕನಿಗೆ ದೊರೆತ ಬ್ಲೆನಿಮ್ ಅರಮನೆಯನ್ನು ಉಳಿಸಿಕೊಳ್ಳಲು ಅವನ ವಂಶಜರು 1875ರಲ್ಲಿ ಕೆತ್ತನೆಯ ರತ್ನಗಳ ಸಂಗ್ರಹವನ್ನು ಮಾರಿದರು. 1880ರ ದಶಕದ ಆರಂಭದಲ್ಲಿ ಹಳೆಯ ಗ್ರಂಥಭಂಡಾರ ಹರಾಜಾಯಿತು. 1885ರಲ್ಲಿ ರಾಫೆಲನ ಚಿತ್ರವೊಂದು 70,000 ಪೌಂಡುಗಳಿಗೆ ಲಂಡನ್ನಿನ ರಾಷ್ಟ್ರೀಯ ಚಿತ್ರಶಾಲೆಗೆ ಹೋಯಿತು. ಮಾರಲು ಉಳಿದ ಬೆಲೆಬಾಳುವ ವಸ್ತುವೆಂದರೆ ಮನೆತನದ ಹೆಸರೊಂದೇ.

ಅತ್ತ ನ್ಯೂಯಾರ್ಕಿನಲ್ಲಿ ರೈಲು, ಉಕ್ಕು, ಬ್ಯಾಂಕು ಮತ್ತು ಷೇರು ವ್ಯವಹಾರಗಳಿಂದ ಒಂದೆರಡು ತಲೆಮಾರಿನಲ್ಲಿಯೇ ಅಪಾರ ಧನ ಗಳಿಸಿದವರಿದ್ದರು. ಆದರೆ ಅಲ್ಲಿನ ಹಳೆಯ ಮನೆತನದವರು ಇವರನ್ನು ಹೊಸ ಹಣದವರೆಂದು ಹೊಸ್ತಿಲಾಚೆಯೇ ನಿಲ್ಲಿಸುತ್ತಿದ್ದರು. ಮಗಳು ಇಂಗ್ಲೆಂಡಿನ ಡಚೆಸ್ ಆಗಿಬಿಟ್ಟರೆ ಆ ಬಾಗಿಲು ತಾನಾಗಿ ತೆರೆಯುವುದೆಂಬುದು ತಾಯಂದಿರ ಲೆಕ್ಕಾಚಾರ. 1890ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಕೈಪಿಡಿಯಲ್ಲಿ, ಹೀಗೆ ಪದವಿವಂತರನ್ನು ವರಿಸಿದ ಕನ್ಯೆಯರ ಹೆಸರುಗಳ ಜೊತೆಗೆ, ಇನ್ನೂ ಮದುವೆಯಾಗದ ಕುಲೀನ ವರರ ಪಟ್ಟಿಯೂ ಇತ್ತು. ಸಂತೆಗೆ ಹೋಗುವವರಿಗೆ ಬೆಲೆಪಟ್ಟಿ ಇರುವ ಹಾಗೆ.

ಇಲ್ಲೊಂದು ವಿಚಿತ್ರವಿದೆ. ಇಂಗ್ಲೆಂಡಿನ ಜಮೀನುದಾರನನ್ನು ಬಡವಾಗಿಸಿದ ಗೋಧಿಯನ್ನು ಸಾಗಿಸಿದ್ದು ಅಮೆರಿಕದ ರೈಲು. ಅದೇ ರೈಲಿನ ಲಾಭ ವಧುವಿನ ಧನವಾಗಿ ತಿರುಗಿ ಅವನ ಅರಮನೆಯನ್ನು ಸೇರಿತು. ಹಣ ಹೀಗೆ ಒಂದು ಸುತ್ತು ಸುತ್ತಿ ಬರುವ ಹಾದಿಯಲ್ಲಿ, ಅದನ್ನು ಹೊತ್ತು ಹೋಗಲು ಒಂದು ಹೆಣ್ಣುಜೀವ ಬೇಕಾಯಿತು.

1895ರ ಒಂದು ವಿವಾಹ

ಕಾನ್ಸುಯೆಲೊ ವ್ಯಾಂಡರ್‌ಬಿಲ್ಟ್ 1877ರಲ್ಲಿ ನ್ಯೂಯಾರ್ಕಿನ ಪ್ರಸಿದ್ಧ ರೈಲುಧಣಿಗಳ ಮನೆತನದಲ್ಲಿ ಹುಟ್ಟಿದಳು. ಅವಳ ತಾಯಿ ಆಲ್ವಾ ಬುದ್ಧಿವಂತೆ, ದಿಟ್ಟೆ, ತಾನು ನೆನೆದದ್ದನ್ನು ಸಾಧಿಸಿಯೇ ತೀರುವವಳು. ಮಗಳ ಮನಸ್ಸು ವಿನ್ಥ್ರಾಪ್ ರದರ್‌ಫರ್ಡ್ ಎಂಬ ಅಮೆರಿಕದ ತರುಣನಲ್ಲಿ ನೆಟ್ಟಿತ್ತು. ತಾಯಿ ಆರಿಸಿದ್ದು ಮಾರ್ಲ್‌ಬರೋದ ಒಂಬತ್ತನೆಯ ಡ್ಯೂಕನನ್ನು. ಕಾನ್ಸುಯೆಲೊ ಮುಂದೆ ಪ್ರಕಟಿಸಿದ ಆತ್ಮಕಥೆಯಲ್ಲಿ ಆ ದಿನಗಳ ವಿವರ ದೊರೆಯುತ್ತದೆ. ಅವಳಿಗೆ ಬರುವ ಪತ್ರಗಳು ಅವಳ ಕೈ ಸೇರಲಿಲ್ಲ. ಒಬ್ಬಳೇ ಹೊರಗೆ ಹೋಗುವಂತಿರಲಿಲ್ಲ. ಆ ತರುಣನನ್ನು ಗುಂಡಿಕ್ಕಿ ಕೊಲ್ಲುವೆನೆಂದು ತಾಯಿ ಬೆದರಿಸಿದಳು. ಅದೂ ಸಾಲದೆ ತಾಯಿಗೆ ಹೃದಯದ ಬೇನೆಯಾಗಿದೆ, ಮಗಳು ಹಠ ಹಿಡಿದರೆ ಆಕೆಯ ಪ್ರಾಣವೇ ಹೋಗಬಹುದೆಂಬ ಮಾತನ್ನು ಹುಡುಗಿಯ ಕಿವಿಗೆ ಹಾಕಲಾಯಿತು. ಹದಿನೆಂಟು ವರ್ಷದ ಮಗಳು ಸೋತಳು.

1895ರ ನವೆಂಬರ್ 6ರಂದು ನ್ಯೂಯಾರ್ಕಿನ ಸೇಂಟ್ ಥಾಮಸ್ ಚರ್ಚಿನಲ್ಲಿ ವಿವಾಹ ನಡೆಯಿತು. ಬೀದಿಯಲ್ಲಿ ಜನಸಂದಣಿ, ಪತ್ರಿಕೆಗಳಲ್ಲಿ ವಧುವಿನ ಉಡುಪಿನ ಒಂದೊಂದು ವಿವರವೂ ಅಚ್ಚಾಗಿತ್ತು. ವಧು ಆ ಬೆಳಗನ್ನು ತನ್ನ ಕೋಣೆಯಲ್ಲಿ ಒಂಟಿಯಾಗಿ ಅಳುತ್ತ ಕಳೆದಳು; ಬಾಗಿಲಲ್ಲಿ ಸೇವಕನೊಬ್ಬನನ್ನು ಕಾವಲಿಗೆ ನಿಲ್ಲಿಸಲಾಗಿತ್ತು. ಅತ್ತ ಮುಖ ಸರಿಪಡಿಸಿಕೊಂಡು ಬರುವಷ್ಟರಲ್ಲಿ ಇಪ್ಪತ್ತು ನಿಮಿಷ ತಡವಾಯಿತು. ಕರಾರಿನಂತೆ ಬೀಚ್ ಕ್ರೀಕ್ ರೈಲ್ವೆಯ 25 ಲಕ್ಷ ಡಾಲರ್ ಬೆಲೆಯ 50,000 ಷೇರುಗಳನ್ನು ಇಡುಗಂಟಾಗಿ ಇರಿಸಿ, ಶೇಕಡಾ ನಾಲ್ಕರಂತೆ ಅದರ ವರಮಾನ ಡ್ಯೂಕನಿಗೆ ಜೀವಮಾನಪರ್ಯಂತ ಸಲ್ಲುವಂತೆ ಗೊತ್ತುಮಾಡಲಾಯಿತು.

ವರನಾದರೂ ಸುಖಿಯಾಗಿದ್ದನೆ? ತಾನೂ ಪ್ರೀತಿಸಿದ ಹುಡುಗಿಯೊಬ್ಬಳನ್ನು ಇಂಗ್ಲೆಂಡಿನಲ್ಲಿ ಬಿಟ್ಟು ಬಂದಿರುವುದಾಗಿ, ಬ್ಲೆನಿಮ್ ಉಳಿಯಬೇಕಾದದ್ದರಿಂದ ಈ ಮದುವೆಗೆ ಒಪ್ಪಿದ್ದಾಗಿ ಅವನು ಮದುವೆಯಾದ ಹೊಸದರಲ್ಲಿಯೇ ಹೇಳಿದನೆಂದು ಅವಳು ಬರೆದಿದ್ದಾಳೆ. ಆ ಮನೆಯ ಹಿರಿಯಳಾದ ಅಜ್ಜಿ ಹೊಸ ಸೊಸೆಯನ್ನು ಕಂಡಾಗ ಮೊದಲು ವಿಚಾರಿಸಿದ್ದು ಗಂಡು ಸಂತಾನದ ವಿಷಯ. ಮಗ ಹುಟ್ಟದಿದ್ದರೆ ಪದವಿ ವಿನ್ಸ್ಟನ್ ಚರ್ಚಿಲ್‌ಗೆ ಹೋಗಿಬಿಡುವುದೆಂಬುದು ಆ ವೃದ್ಧೆಯ ಆತಂಕ. ಹುಟ್ಟಿದ ಮನೆಯಲ್ಲಿ ಅವಳು ಪದವಿಗೆ ಏಣಿಯಾಗಿದ್ದಳು. ಮೆಟ್ಟಿದ ಮನೆಯಲ್ಲಿ ಧನಕ್ಕೂ ಸಂತಾನಕ್ಕೂ ಸಾಧನವಾದಳು. ಇಬ್ಬರು ಗಂಡುಮಕ್ಕಳಾದರು. 1906ರಲ್ಲಿ ದಂಪತಿಗಳು ಬೇರೆಯಾದರು, 1921ರಲ್ಲಿ ವಿಚ್ಛೇದನವಾಯಿತು.

ಇಲ್ಲಿ ಯಾರೂ ಯಾರ ಮೇಲೂ ಕೈಮಾಡಲಿಲ್ಲ. ಒಂದು ತೊಟ್ಟು ರಕ್ತವೂ ಬೀಳಲಿಲ್ಲ. ಆದರೂ ಇದು ಹಿಂಸೆಯೇ. ಪ್ರಮತ್ತಯೋಗದಿಂದ ಪ್ರಾಣಗಳಿಗೆ ಆಗುವ ಘಾತವೇ ಹಿಂಸೆಯೆಂದು ತಿಳಿದವರಿಗೆ, ಮಾನಕಷಾಯದ ವಶವಾಗಿ ಒಂದು ಜೀವದ ಮನೋಬಲವನ್ನು ಮುರಿಯುವುದು ಅದರಿಂದ ಹೊರಗುಳಿಯುವುದಿಲ್ಲ. ಜೈನಧರ್ಮ ಕೃತ, ಕಾರಿತ, ಅನುಮೋದನ ಎಂದು ಪಾಪದ ಹೊಣೆಯನ್ನು ಮೂರು ಬಗೆಯಾಗಿ ಹಂಚುತ್ತದೆ. ಬಲವಂತ ಮಾಡಿದವಳು ತಾಯಿ. ಅದನ್ನು ತನ್ನ ಅರಮನೆಯ ಅಗತ್ಯಕ್ಕಾಗಿ ಸ್ವೀಕರಿಸಿದವನು ವರ. ಕರಾರಿಗೆ ಸಹಿ ಹಾಕಿದವನು ತಂದೆ. ಬೀದಿಯಲ್ಲಿ ನಿಂತು ಹರ್ಷೋದ್ಗಾರ ಮಾಡಿದ ಸಾವಿರಾರು ಮಂದಿಯೂ, ಉಡುಪಿನ ವರ್ಣನೆಯನ್ನು ಓದಿ ಬೆರಗಾದ ಲಕ್ಷಾಂತರ ಓದುಗರೂ ಏನೂ ಅರಿಯದೆಯೇ ಅನುಮೋದಿಸಿದವರು. ವೈಭವದ ಮದುವೆಗಳಲ್ಲಿ ಅನುಮೋದನದ ಪಾಪ ಎಷ್ಟು ಸುಲಭವಾಗಿ ಅಂಟಿಕೊಳ್ಳುವುದೆಂಬುದಕ್ಕೆ ಇದು ಸಾಕ್ಷಿ.

ಅನೇಕಾಂತದ ಎಚ್ಚರ

ಆದರೆ ಒಂದು ಮದುವೆಯನ್ನು ಕಂಡು ಎಲ್ಲ ಮದುವೆಗಳನ್ನೂ ನಿಂದಿಸುವುದು ಏಕಾಂತದೃಷ್ಟಿಯಾದೀತು. ನ್ಯೂಯಾರ್ಕಿನ ಜೆನ್ನಿ ಜೆರೋಮ್ 1874ರಲ್ಲಿ ಲಾರ್ಡ್ ರ‍್ಯಾಂಡಾಲ್ಫ್ ಚರ್ಚಿಲ್‌ನನ್ನು ವರಿಸಿದ್ದು ಅವಳ ಸ್ವಂತ ಇಚ್ಛೆಯಿಂದ. ವಿನ್ಸ್ಟನ್ ಚರ್ಚಿಲ್ ಇವರ ಮಗ. ಆ ಮದುವೆಯಲ್ಲಿಯೂ ಹಣದ ಮಾತುಕತೆ ತಿಂಗಳುಗಟ್ಟಲೆ ನಡೆಯಿತು. ಅಲ್ಲಿ ಮಗಳ ಕೈಗೂ ಪ್ರತ್ಯೇಕವಾಗಿ ಒಂದಿಷ್ಟು ವರಮಾನ ಸಲ್ಲಬೇಕೆಂದು ಹಠ ಹಿಡಿದವನು ಅವಳ ತಂದೆ. 1903ರಲ್ಲಿ ರಾಕ್ಸ್‌ಬರೋ ಡ್ಯೂಕನನ್ನು ಮದುವೆಯಾದ ಮೇ ಗೋಲೆಟ್ ಸ್ಕಾಟ್ಲೆಂಡಿನ ಫ್ಲೋರ್ಸ್ ಅರಮನೆಯಲ್ಲಿ ಸಂತೃಪ್ತ ಬಾಳು ನಡೆಸಿದಳು. ಧನವೂ ಪದವಿಯೂ ಸೇರಿದ ಮಾತ್ರಕ್ಕೆ ದಾಂಪತ್ಯ ಕೆಡಲೇಬೇಕೆಂಬ ನಿಯಮವಿಲ್ಲ. ವಧುವನ್ನು ಕೇಳಿದ್ದರೆ, ಇಲ್ಲವೆನ್ನಲು ಅವಳಿಗೆ ಅವಕಾಶವಿದೆಯೆ, ಅವಳು ಇಲ್ಲವೆಂದರೆ ಆ ಮಾತು ನಡೆಯುವುದೆ ಎಂಬುದೇ ಇಲ್ಲಿಯ ಒರೆಗಲ್ಲು.

ಭಾರತಕ್ಕೆ ಸಂಬಂಧಿಸಿದ ಉದಾಹರಣೆಯೂ ಒಂದಿದೆ. ಷಿಕಾಗೋದ ಶ್ರೀಮಂತ ವರ್ತಕ ಲೆವಿ ಲೈಟರನ ಮಗಳು ಮೇರಿ 1895ರ ಏಪ್ರಿಲಿನಲ್ಲಿ ಜಾರ್ಜ್ ಕರ್ಜನ್‌ನನ್ನು ವರಿಸಿದಳು. ವರ್ಷಗಳ ಕಾಲ ಅವನಿಗಾಗಿ ಕಾದಿದ್ದು, ಮೆಚ್ಚಿ ಆದ ಮದುವೆ ಅದು. ತಂದೆಯ ಹಣ ಅಳಿಯನ ರಾಜಕೀಯ ಜೀವನಕ್ಕೆ ಊರುಗೋಲಾಯಿತು. 1899ರಲ್ಲಿ ಕರ್ಜನ್ ವೈಸರಾಯನಾಗಿ ಬಂದಾಗ ಅವಳೂ ಬಂದಳು. ಬೆಂಗಳೂರಿನವರಿಗೆ ಅವಳ ಹೆಸರು ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯಿಂದ ಇಂದಿಗೂ ಪರಿಚಿತ.

1903ರ ದೆಹಲಿ ದರ್ಬಾರಿನಲ್ಲಿ ಅವಳು ಉಟ್ಟ ಉಡುಪು ಲೋಕಪ್ರಸಿದ್ಧವಾಯಿತು. ಭಾರತದ ಕುಶಲಿಗಳು ಜರಿಯಲ್ಲಿ ನವಿಲುಗರಿಗಳನ್ನು ಕಸೂತಿ ಮಾಡಿ, ಒಂದೊಂದು ಗರಿಯ ಕಣ್ಣಿನಲ್ಲಿಯೂ ಮಿನುಗುವ ದುಂಬಿಯ ರೆಕ್ಕೆಚಿಪ್ಪನ್ನು ಕೂರಿಸಿದ್ದರು. ನೋಡಿದವರು ಸೌಂದರ್ಯವನ್ನು ಹೊಗಳಿದರು. ಒಂದು ರಾತ್ರಿಯ ಶೋಭೆಗೆ ಎಷ್ಟು ಚತುರಿಂದ್ರಿಯ ಜೀವಿಗಳ ದೇಹ ಬೇಕಾಯಿತೆಂಬ ಯೋಚನೆ ಅಹಿಂಸಾಣುವ್ರತಿಗಾದರೂ ಬರಬೇಕು. ಆದರೆ ಅದೇ ಮೇರಿಯ ಬಗ್ಗೆ ಅಸ್ಸಾಮಿನಲ್ಲಿ ಇನ್ನೊಂದು ಮಾತು ಬಳಕೆಯಲ್ಲಿದೆ. ಅವಳು ಕಾಜಿರಂಗದ ಕಾಡಿಗೆ ಹೋಗಿ ಘೇಂಡಾಮೃಗವನ್ನು ಕಾಣದೆ, ಅದರ ಹೆಜ್ಜೆಗುರುತುಗಳನ್ನು ಮಾತ್ರ ಕಂಡು ಬಂದಳಂತೆ. ಅಳಿದುಹೋಗುತ್ತಿರುವ ಆ ಪ್ರಾಣಿಯನ್ನು ರಕ್ಷಿಸಬೇಕೆಂದು ಪತಿಯನ್ನು ಒತ್ತಾಯಿಸಿದಳಂತೆ. 1905ರ ಜೂನಿನಲ್ಲಿ ಕಾಜಿರಂಗವನ್ನು ಮೀಸಲು ಅರಣ್ಯವಾಗಿಸುವ ಪ್ರಕಟಣೆ ಹೊರಟಿತು. ಅಭಯದಾನದ ಫಲ ಈಗಲೂ ಅಲ್ಲಿ ಜೀವಂತವಾಗಿ ಮೇಯುತ್ತಿದೆ. ಒಂದೇ ಜೀವದಲ್ಲಿ ಪ್ರಮಾದವೂ ದಯೆಯೂ ಜೊತೆಯಾಗಿರುತ್ತವೆ. ಇವೆರಡರಲ್ಲಿ ಯಾವುದಕ್ಕೆ ನೀರೆರೆಯಬೇಕೆಂಬುದನ್ನು ಆಯಾ ಜೀವವೇ ನಿಶ್ಚಯಿಸಬೇಕು. ಮೇರಿ 1906ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅವಳು ತಂದ ಲೈಟರ್ ಮನೆತನದ ಹಣವೇ ಮುಂದೆ ತಂದೆಗೂ ಹೆಣ್ಣುಮಕ್ಕಳಿಗೂ ಮನಸ್ತಾಪಕ್ಕೆ ಕಾರಣವಾಯಿತು. ಪ್ರೀತಿಯಿಂದ ಆದ ಮದುವೆಯ ಹಣಕ್ಕೂ ಮೂರ್ಛೆ ಅಂಟದೆ ಬಿಡಲಿಲ್ಲ.

ಅರಮನೆ ಉಳಿಯಿತಲ್ಲ ಎಂಬ ವಾದ

ಇಲ್ಲೊಂದು ಬಲವಾದ ಆಕ್ಷೇಪವನ್ನು ಎದುರಿಸಬೇಕು. ಕಾನ್ಸುಯೆಲೊ ತಂದ ಧನದಿಂದ ಬ್ಲೆನಿಮ್‌ನ ಅಂಗಳ, ಉದ್ಯಾನ, ಕಟ್ಟಡಗಳು ಜೀರ್ಣೋದ್ಧಾರವಾದವು. 1987ರಲ್ಲಿ ಅದು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ಒಬ್ಬ ಹುಡುಗಿಯ ಕೆಲವು ವರ್ಷಗಳ ದುಃಖಕ್ಕೆ ಪ್ರತಿಯಾಗಿ ಶತಮಾನಗಳ ಶಿಲ್ಪ ಉಳಿಯಿತು. ಅದನ್ನು ನಷ್ಟವೆಂದು ಹೇಗೆ ಹೇಳುವುದು?

ಈ ವಾದದಲ್ಲಿ ಒಂದು ಮರೆಮಾಚುವಿಕೆ ಇದೆ. ಲಾಭ ಯಾರದು, ತ್ಯಾಗ ಯಾರದು ಎಂಬುದನ್ನು ಅದು ಹೇಳುವುದಿಲ್ಲ. ತ್ಯಾಗವೆಂಬುದು ತ್ಯಾಗಿಯ ಇಚ್ಛೆಯಿಂದ ಆದಾಗ ಮಾತ್ರ ಧರ್ಮ. ಉತ್ತಮ ತ್ಯಾಗವು ದಶಧರ್ಮಗಳಲ್ಲಿ ಒಂದು. ಆದರೆ ಇನ್ನೊಬ್ಬರಿಂದ ಬಲವಂತವಾಗಿ ಮಾಡಿಸಿದ ತ್ಯಾಗ ದಶಧರ್ಮದೊಳಗೆ ಬಾರದು. ಅದು ಅದತ್ತಾದಾನಕ್ಕೆ, ಅಂದರೆ ಕೊಡದುದನ್ನು ತೆಗೆದುಕೊಳ್ಳುವುದಕ್ಕೆ, ಹತ್ತಿರವಾದುದು. ಕಲ್ಲು ತನ್ನನ್ನು ಉಳಿಸೆಂದು ಕೇಳುವುದಿಲ್ಲ. ಅದಕ್ಕೆ ನೋವೂ ಇಲ್ಲ. ನೋವನ್ನು ಅರಿಯುವ ಜೀವವನ್ನು ನೋವರಿಯದ ಕಲ್ಲಿಗಾಗಿ ಒತ್ತೆಯಿಟ್ಟಾಗ, ಜೀವಕ್ಕಿಂತ ಅಜೀವವೇ ಹೆಚ್ಚಿನದೆಂದು ಸಾರಿದಂತಾಯಿತು. ಜೀವಾಜೀವ ವಿವೇಕದಿಂದ ಮೊದಲಾಗುವ ಧರ್ಮಕ್ಕೆ ಇದಕ್ಕಿಂತ ದೊಡ್ಡ ವಿಪರ್ಯಾಸವಿಲ್ಲ. ಮೂರ್ಛೆಯ ಸ್ವಭಾವವೇ ಹೀಗೆ. ಡ್ಯೂಕನು ಅರಮನೆಯ ಒಡೆಯನೆನಿಸಿಕೊಂಡರೂ ತನ್ನ ಪ್ರೀತಿಯನ್ನೂ ಪತ್ನಿಯ ನೆಮ್ಮದಿಯನ್ನೂ ಅದಕ್ಕೆ ಬಲಿಗೊಟ್ಟು ಅದರ ಸೇವಕನಾಗಿಯೇ ಬಾಳಿದನು.

ಪಶ್ಚಾತ್ತಾಪದ ದಾರಿ

ಈ ಕಥೆ ಇಲ್ಲಿಗೇ ಮುಗಿದಿದ್ದರೆ ಬರಿಯ ವಿಷಾದ ಉಳಿಯುತ್ತಿತ್ತು. ಅದಕ್ಕೆ ಎರಡು ಬೆಳಕುಗಳಿವೆ.

ಮೊದಲನೆಯದು ಮಗಳಿಂದ ಬಂದದ್ದು. ಬ್ಲೆನಿಮ್‌ಗೆ ಬಂದ ಹೊಸದರಲ್ಲಿ ಅರಮನೆಯ ಊಟದಲ್ಲಿ ಮಿಕ್ಕಿದ್ದನ್ನು ಸುತ್ತಲಿನ ಬಡವರಿಗೆ ಹಂಚುವ ಪದ್ಧತಿಯನ್ನು ಅವಳು ಕಂಡಳು. ಮಾಂಸ, ತರಕಾರಿ, ಸಿಹಿ ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಕಲಸುಮೇಲೋಗರವಾಗಿ ತುರುಕಿ ಕಳಿಸಲಾಗುತ್ತಿತ್ತು. ಯಾರಿಗೂ ಅದು ತಪ್ಪಾಗಿ ತೋರಿರಲಿಲ್ಲ. ಹೊಸ ಡಚೆಸ್ ಅದನ್ನು ನಿಲ್ಲಿಸಿ, ಒಂದೊಂದನ್ನೂ ಬೇರೆ ಬೇರೆಯಾಗಿ ಇರಿಸಿ ಕೊಡುವಂತೆ ಮಾಡಿದಳು. ಅರಮನೆಯ ಮಾಂಸಾಹಾರ ಶ್ರಾವಕರಿಗೆ ಸಮ್ಮತವಲ್ಲ. ಆದರೆ ಕೊಡುವ ರೀತಿಯಲ್ಲಿ ಅವಳು ತೋರಿದ ವಿವೇಕವನ್ನು ಯಾವ ದಾನಿಯೂ ಕಲಿಯಬಹುದು. ಪಡೆಯುವವನಿಗೂ ನಾಲಗೆಯುಂಟು, ಮಾನವುಂಟು ಎಂಬುದನ್ನು ಅವಳು ಕಂಡಳು. ಮಾನಿನಿಯಾಗಿ ಎಣಿಸಲ್ಪಡದಿದ್ದವಳಿಗೆ ಇತರರ ಮಾನದ ಬೆಲೆ ತಿಳಿದದ್ದು ಆಶ್ಚರ್ಯವಲ್ಲ. ಕೌಶಾಂಬಿಯಲ್ಲಿ ಬಂಧನದಲ್ಲಿದ್ದ ಚಂದನೆ ಭಗವಾನ್ ಮಹಾವೀರರಿಗೆ ಆಹಾರದಾನ ಮಾಡಿದ ಪ್ರಸಂಗವನ್ನು ಭಕ್ತಿಯಿಂದ ಕೇಳುವವರಿಗೆ, ನೊಂದ ಕೈಯಿಂದ ಬರುವ ದಾನದ ಹಿರಿಮೆಯನ್ನು ಬೇರೆ ಹೇಳಬೇಕಾಗಿಲ್ಲ. ಗಂಡನಿಂದ ಬೇರೆಯಾದ ನಂತರ ಕಾನ್ಸುಯೆಲೊ ಲಂಡನ್ನಿನಲ್ಲಿ ಸೆರೆಮನೆ ಸೇರಿದವರ ಹೆಂಡಂದಿರಿಗಾಗಿ ದುಡಿದಳು. 1917ರಲ್ಲಿ ಲಂಡನ್ ಕೌಂಟಿ ಕೌನ್ಸಿಲಿನ ಸದಸ್ಯೆಯಾದಳು. 1964ರಲ್ಲಿ ತೀರಿಕೊಂಡಾಗ ಅವಳ ಇಚ್ಛೆಯಂತೆ ಬ್ಲೆನಿಮ್ ಬಳಿಯ ಬ್ಲೇಡನ್ ಗ್ರಾಮದಲ್ಲಿ, ಕಿರಿಯ ಮಗನ ಸಮಾಧಿಯ ಪಕ್ಕದಲ್ಲಿ, ಅವಳನ್ನು ಮಣ್ಣು ಮಾಡಲಾಯಿತು.

ಎರಡನೆಯ ಬೆಳಕು ತಾಯಿಯಿಂದ ಬಂದದ್ದು. ಮಗಳ ಇಚ್ಛೆಯನ್ನು ತುಳಿದ ಆಲ್ವಾ ತನ್ನ ಉತ್ತರಾರ್ಧದ ಬದುಕನ್ನೂ ಧನವನ್ನೂ ಅಮೆರಿಕದ ಸ್ತ್ರೀಯರ ಮತದಾನದ ಹಕ್ಕಿಗಾಗಿ ವಿನಿಯೋಗಿಸಿದಳು. ಡ್ಯೂಕನು ಮಗಳನ್ನು ಕೇಳಿದ ನ್ಯೂಪೋರ್ಟಿನ ಅಮೃತಶಿಲೆಯ ಮನೆಯಲ್ಲಿಯೇ 1914ರಲ್ಲಿ ಮಹಿಳೆಯರ ಸಮ್ಮೇಳನ ನಡೆಸಿದಳು. ಅದರಲ್ಲಿ ಮಗಳೂ ಭಾಗವಹಿಸಿದಳು. 1926ರಲ್ಲಿ, ಆ ಹಳೆಯ ವಿವಾಹವು ಬಲವಂತದ್ದಾದ್ದರಿಂದ ಅಸಿಂಧುವೆಂದು ಘೋಷಿಸಬೇಕೆಂಬ ಅರ್ಜಿ ಕ್ಯಾಥೊಲಿಕ್ ಧರ್ಮಪೀಠದ ಮುಂದೆ ಬಂದಾಗ, ಎಪ್ಪತ್ತು ದಾಟಿದ ಆಲ್ವಾ ಸಾಕ್ಷಿ ನುಡಿದಳು. ಮಗಳನ್ನು ಬಲವಂತದಿಂದ ಮದುವೆ ಮಾಡಿದವಳು ತಾನೇ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಳು. ವಿವಾಹ ಅಸಿಂಧುವೆಂದು ತೀರ್ಪಾಯಿತು. ಪತ್ರಿಕೆಗಳಲ್ಲಿ ಲೋಕಾಪವಾದ ಬಂತು. ಆಕೆ ಅದನ್ನು ಸಹಿಸಿದಳು. ಮಾನಕಷಾಯವೇ ಮೂರ್ತಿವೆತ್ತಂತಿದ್ದ ಹೆಂಗಸು ಲೋಕದೆದುರು ತನ್ನ ಮಾನವನ್ನು ತಾನೇ ಬಿಟ್ಟುಕೊಟ್ಟದ್ದು ಸಾಮಾನ್ಯ ಸಂಗತಿಯಲ್ಲ. ಆಕೆ ಪ್ರತಿಕ್ರಮಣದ ಹೆಸರನ್ನು ಕೇಳಿದ್ದವಳಲ್ಲ. ಆದರೆ ತಪ್ಪನ್ನು ತಪ್ಪೆಂದು, ತನ್ನದೆಂದು, ಮುಟ್ಟಬೇಕಾದವರಿಗೆ ಮುಟ್ಟುವಂತೆ ಹೇಳುವ ಆಲೋಚನೆಯ ತಿರುಳು ಅದರಲ್ಲಿತ್ತು. ಹೋದ ವರ್ಷಗಳು ಮಗಳಿಗೆ ಮರಳಿ ಬರಲಿಲ್ಲ. ತಾಯಿಮಕ್ಕಳ ಸ್ನೇಹ ಮಾತ್ರ ಉಳಿಯಿತು.

ಶ್ರಾವಕರ ಮನೆಗೆ

ಈ ಇತಿಹಾಸವನ್ನು ಓದಿ ಪರದೇಶದ ಶ್ರೀಮಂತರ ದೋಷವೆಂದು ಪುಸ್ತಕ ಮುಚ್ಚಿಡುವುದು ಸುಲಭ. ಆದರೆ ಭಾರತದಲ್ಲಿ ವರದಕ್ಷಿಣೆಯನ್ನು ನಿಷೇಧಿಸಿ 1961ರಲ್ಲಿಯೇ ಕಾಯಿದೆ ಬಂದಿದ್ದರೂ, ಕಾಯಿದೆಯ ಕಣ್ಣಿಗೆ ಬೀಳದಂತೆ ಅದು ಎಷ್ಟು ವೇಷಗಳನ್ನು ಹಾಕುವುದೆಂಬುದು ಎಲ್ಲ ಸಮಾಜಗಳಿಗೂ ತಿಳಿದಿದೆ. ಹೊರದೇಶದಲ್ಲಿ ಉದ್ಯೋಗದಲ್ಲಿರುವ ವರ, ಹೆಸರಾಂತ ಮನೆತನ, ದೊಡ್ಡ ವ್ಯಾಪಾರ ಎಂಬ ಮಾತುಗಳು ಕಿವಿಗೆ ಬಿದ್ದಾಗ ಮಗಳ ಮುಖವನ್ನು ನೋಡುವುದು ಎಷ್ಟೋ ಮನೆಗಳಲ್ಲಿ ಮರೆತುಹೋಗುತ್ತದೆ. ಮೌನವನ್ನು ಒಪ್ಪಿಗೆಯೆಂದು ಎಣಿಸುವ ರೂಢಿ ಅಳಿದಿಲ್ಲ. ತಾಯಿಯ ಆರೋಗ್ಯ, ಅಜ್ಜನ ಆಸೆ, ಮನೆತನದ ಮರ್ಯಾದೆ ಎಂಬ ಮಾತುಗಳಿಂದ ಮಗಳ ಬಾಯಿ ಕಟ್ಟಿಸುವ ರೂಢಿಯೂ ಅಳಿದಿಲ್ಲ. ಆಲ್ವಾ ಮಾಡಿದ್ದೂ ಅದನ್ನೇ.

ಆದುದರಿಂದ ಪರಿಗ್ರಹಪರಿಮಾಣವ್ರತವನ್ನು ಸ್ವೀಕರಿಸುವ ಗೃಹಸ್ಥನು ಹೊಲ, ಮನೆ, ಚಿನ್ನಗಳಿಗೆ ಮಿತಿ ಹಾಕಿಕೊಳ್ಳುವ ದಿನವೇ, ಮಕ್ಕಳ ಮೇಲಿನ ತನ್ನ ಅಧಿಕಾರಕ್ಕೂ ಒಂದು ಮಿತಿ ಹಾಕಿಕೊಳ್ಳುವುದು ಯುಕ್ತ. ನಿಶ್ಚಿತಾರ್ಥಕ್ಕೆ ಮೊದಲು ಮಗಳನ್ನು ಒಬ್ಬಳೇ ಕೂರಿಸಿಕೊಂಡು, ಬೇಡವೆಂದರೂ ಮುನಿಯುವುದಿಲ್ಲವೆಂಬ ಅಭಯವನ್ನು ಕೊಟ್ಟು ಕೇಳಬೇಕು. ಅಭಯದಾನವು ಪಶುಪಕ್ಷಿಗಳಿಗೆ ಮಾತ್ರ ಸಲ್ಲುವುದೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಬಸದಿಗಳ ಆಡಳಿತ ಮಂಡಳಿಗಳಿಗೂ ಇದರಲ್ಲಿ ಒಂದು ಪಾಠವಿದೆ. ಬ್ಲೆನಿಮ್‌ಗೆ ಆದಂತೆ ಬಸದಿಗಳಿಗೂ ಜೀರ್ಣೋದ್ಧಾರ ಬೇಕಾಗುತ್ತದೆ, ಹಣವೂ ಬೇಕಾಗುತ್ತದೆ. ಪೂಜೆಯ ಗೌರವಕ್ಕೆ ಸವಾಲು ಕೂಗುವಾಗ, ದಾನಿಯ ಹೆಸರನ್ನು ಶಿಲೆಯಲ್ಲಿ ಕೊರೆಸುವಾಗ, ಕುಲಮದ ಮತ್ತು ಋದ್ಧಿಮದಗಳು ಗರ್ಭಗುಡಿಯ ಎದುರಿನಲ್ಲಿಯೇ ಕೈಹಿಡಿಯಬಹುದು. ನ್ಯಾಯದಿಂದ ಗಳಿಸಿದ, ಮನೆಯವರೆಲ್ಲರ ಸಂತೋಷದ ಸಮ್ಮತಿಯಿಂದ ಬಂದ ಹತ್ತು ರೂಪಾಯಿ, ಯಾರದೋ ಕಣ್ಣೀರಿನಿಂದ ನೆನೆದು ಬಂದ ಲಕ್ಷ ರೂಪಾಯಿಗಿಂತ ಜಿನಾಲಯಕ್ಕೆ ಗಟ್ಟಿಯಾದ ತಳಹದಿ.

ಇನ್ನು ತಪ್ಪು ಈಗಾಗಲೇ ಆಗಿಹೋಗಿರುವ ಮನೆಗಳಿರಬಹುದು. ಒಲ್ಲದ ಮನಸ್ಸಿನಿಂದ ಹಸೆಗೆ ಏರಿದ ಮಗಳು ಈಗ ನಡುವಯಸ್ಸಿನವಳಾಗಿ, ತೌರಿಗೆ ಬಂದಾಗ ನಕ್ಕು ಮಾತಾಡಿ ಹೋಗುತ್ತಿರಬಹುದು. ಕ್ಷಮಾವಣಿಯ ದಿನ ಊರಿಗೆಲ್ಲ ಕಾಗದ ಬರೆದು ಕ್ಷಮೆ ಕೇಳುವ ತಂದೆತಾಯಿಗಳು ಆ ಮಗಳ ಮುಂದೆ ಒಂದು ಗಳಿಗೆ ಕುಳಿತು, ಆಗ ನಿನ್ನನ್ನು ಕೇಳಲಿಲ್ಲ, ಅದು ತಪ್ಪಾಯಿತು ಎಂದು ಹೇಳಿದರೆ ಆ ವ್ರತ ಪೂರ್ಣವಾಗುತ್ತದೆ. ಆಲ್ವಾಳಿಗೆ ಅದನ್ನು ಹೇಳಲು ಮೂವತ್ತೊಂದು ವರ್ಷ ಬೇಕಾಯಿತು. ಜಿನಧರ್ಮವನ್ನು ಕೇಳಿ ಬೆಳೆದವರಿಗೆ ಅಷ್ಟು ಕಾಲ ಬೇಕಾಗಬಾರದು.